ಕೋಟೆ ಹತ್ತದೆ ಕೋಟೆಯ ಎತ್ತರ ಅಳೆಯುವುದು ಹೇಗೆ?

ಲಂಬಕೋನ ತ್ರಿಭುಜವನ್ನು ಕುರಿತ ನಮ್ಮ ಮಾತುಕತೆಯ ಕಾರ್ಯಕ್ರಮವನ್ನು ನೋಡಿದವರಿಗೆ ಕೊಪ್ಪಳದ ಕೋಟೆಯ ದೃಶ್ಯ ನೆನಪಿರಬಹುದು. ಪರದೆಯ ಮೇಲೆ ಎರಡು ನಿಮಿಷದಲ್ಲಿ ಸರಿದುಹೋದ ಆ ಲೆಕ್ಕವನ್ನು ಇಲ್ಲಿ ನಿಧಾನವಾಗಿ, ಕಾಗದ ಪೆನ್ಸಿಲ್ ಹಿಡಿದು ಮಾಡೋಣ. ಪರದೆಯ ಮೇಲೆ ತೋರಿಸದ ಒಂದು ಸಂಗತಿಯನ್ನೂ ಹೇಳಬೇಕಾಗಿದೆ. ನಾವು ಮೊದಲು ಚಿತ್ರೀಕರಿಸಿದ ಲೆಕ್ಕ ತಪ್ಪಾಗಿತ್ತು. ತಪ್ಪು ಮಾಡಿದವನು ನಾನೇ.

ಆದದ್ದು ಹೀಗೆ. ಕೋಟೆಯ ಬಂಡೆಗುಡ್ಡ ಎದ್ದು ನಿಲ್ಲುವ ಜಾಗದಿಂದ 80 ಮೀಟರು ಹಿಂದೆ ಸರಿದು ನಿಂತೆವು. ನೆತ್ತಿಯ ಮೇಲಿನ ಗೋಡೆಯನ್ನು ನೋಡಿದಾಗ ಉನ್ನತ ಕೋನ 31 ಡಿಗ್ರಿ ಬಂತು. ಟ್ಯಾನ್ 31° ಅಂದರೆ 0.6009. ಅದನ್ನು 80ರಿಂದ ಗುಣಿಸಿ, ‘ಕೋಟೆಯ ಎತ್ತರ ಸುಮಾರು 48 ಮೀಟರು’ ಎಂದು ಕ್ಯಾಮೆರಾ ಮುಂದೆ ಧೈರ್ಯವಾಗಿ ಹೇಳಿಸಿಯೂ ಆಯಿತು. ಸಾಮಾನು ಕಟ್ಟುತ್ತಿದ್ದಾಗ, ಅಷ್ಟು ಹೊತ್ತೂ ನಿಂತು ನೋಡುತ್ತಿದ್ದ ಹೈಸ್ಕೂಲಿನ ಹುಡುಗಿಯೊಬ್ಬಳು ಹತ್ತಿರ ಬಂದಳು.

“ಸರ್, ಗುಡ್ಡದ ನೆತ್ತಿ ಇಲ್ಲಿ ಇಲ್ರೀ. ಅದು ಭಾಳ ಒಳಗ ಐತಿ. ನೀವು ಅಳದಿದ್ದು ಬುಡದ ತನಕ ಅಷ್ಟರೀ.”

ಒಂದು ಕ್ಷಣ ನನಗೆ ಮಾತೇ ಹೊರಡಲಿಲ್ಲ. ವಿಜ್ಞಾನದ ಪದವಿ ಪಡೆದು ಇಪ್ಪತ್ತು ವರ್ಷ ಕಳೆದವನು ಪಾಠದ ಮೊದಲ ಸಾಲನ್ನೇ ಮರೆತಿದ್ದೆ. ತ್ರಿಭುಜದ ಲಂಬ ನೆತ್ತಿಯಿಂದ ನೇರವಾಗಿ ಕೆಳಗಿಳಿಯಬೇಕು. ಅದು ನೆಲವನ್ನು ಮುಟ್ಟುವ ಬಿಂದು ಗುಡ್ಡದ ಹೊಟ್ಟೆಯೊಳಗೆ ಎಲ್ಲೋ ಇದೆ, ಅಲ್ಲಿಗೆ ಟೇಪು ಹಿಡಿದು ಹೋಗುವುದು ಸಾಧ್ಯವಿಲ್ಲ. ನಾನು ಅಳೆದದ್ದು ಬಂಡೆಯ ಅಂಚಿನವರೆಗಿನ ದೂರ. ಹಳೆಯ ಗೆಜೆಟಿಯರ್ ಮೇಲಿನ ಕೋಟೆಯನ್ನು ಬಯಲಿನಿಂದ ಸುಮಾರು 400 ಅಡಿ ಎತ್ತರದಲ್ಲಿದೆ ಎನ್ನುತ್ತದೆ. ನನ್ನ 48 ಮೀಟರು ಅಂದರೆ 158 ಅಡಿಯೂ ಇಲ್ಲ! ಆ ಹುಡುಗಿ ಮಾತಾಡದೆ ಹೋಗಿದ್ದರೆ ರಾಜ್ಯದ ಎಷ್ಟು ಮನೆಗಳಿಗೆ ಆ ತಪ್ಪು ತಲುಪುತ್ತಿತ್ತೋ. ಕಟ್ಟಿದ ಸಾಮಾನನ್ನು ಮತ್ತೆ ಬಿಚ್ಚಿದೆವು.

ಆ ಎರಡನೆಯ ಅಳತೆಗೆ ಬರುವ ಮುನ್ನ ಒಂದೆರಡು ಹೆಸರುಗಳನ್ನು ನೆನಪು ಮಾಡಿಕೊಳ್ಳೋಣ.

ಒಂದು ಕೋನ 90 ಡಿಗ್ರಿ ಇರುವ ತ್ರಿಭುಜ ಲಂಬಕೋನ ತ್ರಿಭುಜ. ಲಂಬಕೋನದ ಎದುರಿನ, ಎಲ್ಲಕ್ಕಿಂತ ಉದ್ದವಾದ ಬಾಹು ವಿಕರ್ಣ. ಉಳಿದ ಎರಡು ಕೋನಗಳಲ್ಲಿ ನೀವು ಯಾವುದನ್ನು ಆರಿಸಿಕೊಳ್ಳುತ್ತೀರೋ ಅದರ ಎದುರಿಗಿರುವುದು ಅಭಿಮುಖ ಬಾಹು, ಅದಕ್ಕೆ ತಗುಲಿಕೊಂಡಿರುವುದು ಪಾರ್ಶ್ವ ಬಾಹು. ಅಭಿಮುಖವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್, ಪಾರ್ಶ್ವವನ್ನು ವಿಕರ್ಣದಿಂದ ಭಾಗಿಸಿದರೆ ಕೊಸೈನ್, ಅಭಿಮುಖವನ್ನು ಪಾರ್ಶ್ವದಿಂದ ಭಾಗಿಸಿದರೆ ಟ್ಯಾಂಜೆಂಟ್. ಇಷ್ಟನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಬಹಳ ಮಂದಿ ಕೇಳುವುದಿಲ್ಲ. ತ್ರಿಭುಜ ಚಿಕ್ಕದಿರಲಿ ದೊಡ್ಡದಿರಲಿ, ಈ ಭಾಗಲಬ್ಧ ಏಕೆ ಬದಲಾಗುವುದಿಲ್ಲ? 31 ಡಿಗ್ರಿಯ ಲಂಬಕೋನ ತ್ರಿಭುಜಗಳೆಲ್ಲ ಒಂದರ ಹಿಗ್ಗಿಸಿದ ಅಥವಾ ಕುಗ್ಗಿಸಿದ ರೂಪಗಳು, ಅಂದರೆ ಸಮರೂಪ ತ್ರಿಭುಜಗಳು. ಬಾಹುಗಳು ಹತ್ತು ಪಟ್ಟಾದರೆ ಎಲ್ಲವೂ ಹತ್ತು ಪಟ್ಟು, ಅನುಪಾತ ಹಾಗೆಯೇ ಉಳಿಯುತ್ತದೆ. ಆದ್ದರಿಂದಲೇ ನಿಮ್ಮ ನೋಟ್‌ಬುಕ್ಕಿನ ಅಂಗೈಯಗಲದ ತ್ರಿಭುಜವೂ ಕೊಪ್ಪಳದ ಗುಡ್ಡವನ್ನು ಅಳೆಯಬಲ್ಲದು.

ಸೈನ್ ಎಂಬ ಹೆಸರಿನ ಕಥೆ ಸ್ವಾರಸ್ಯವಾದದ್ದು. ವೃತ್ತದ ಕಂಸವನ್ನು ಬಿಲ್ಲಿಗೆ ಹೋಲಿಸಿ, ಅದರ ಎರಡು ತುದಿಗಳನ್ನು ಸೇರಿಸುವ ಗೆರೆಯನ್ನು ನಮ್ಮವರು ‘ಜ್ಯಾ’ ಎಂದರು, ಅಂದರೆ ಬಿಲ್ಲಿನ ಹೆದೆ. ಅದರ ಅರ್ಧವೇ ಬೇಕಾದದ್ದರಿಂದ ಅರ್ಧಜ್ಯಾ. ಆರ್ಯಭಟ ಕ್ರಿ.ಶ. 499ರ ತನ್ನ ಗ್ರಂಥದಲ್ಲಿ 3 ಡಿಗ್ರಿ 45 ಮಿನಿಟಿಗೊಂದರಂತೆ ಇದರ ಕೋಷ್ಟಕವನ್ನು ಕೊಟ್ಟಿದ್ದಾನೆ. ಈ ಪದ ಅರಬ್ಬಿಗೆ ‘ಜೀಬ’ ಆಗಿ ಹೋಯಿತು. ಆ ಲಿಪಿಯಲ್ಲಿ ಸ್ವರಗಳನ್ನು ಬರೆಯುವ ವಾಡಿಕೆ ಕಡಿಮೆ, ಹಾಗಾಗಿ ಮುಂದಿನವರು ಅದನ್ನು ‘ಜೈಬ್’ ಎಂದು ಓದಿದರು. ಜೈಬ್ ಎಂದರೆ ಮಡಿಲು, ಬಟ್ಟೆಯ ಮಡಿಕೆ. ಲ್ಯಾಟಿನ್ ಅನುವಾದಕರು ಅದೇ ಅರ್ಥದ ‘ಸೈನಸ್’ ಪದವನ್ನಿಟ್ಟರು. ಬಿಲ್ಲಿನ ಹೆದೆ ಹೀಗೆ ಬಟ್ಟೆಯ ಮಡಿಕೆಯಾಗಿ ನಮ್ಮ ಶಾಲೆಗೆ ವಾಪಸು ಬಂದಿದೆ.

ಕೊಪ್ಪಳದವರಿಗೆ ಇನ್ನೊಂದು ಮಾತು. ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣ, ಅಂದರೆ ನಿಮ್ಮ ಕೊಪ್ಪಳ, ಒಂದು. ಆ ಗ್ರಂಥ ಹುಟ್ಟಿದ ಒಂಬತ್ತನೆಯ ಶತಮಾನದಲ್ಲಿ, ಅದೇ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿಯೇ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದ. ಅದರಲ್ಲಿ ಕ್ಷೇತ್ರಗಣಿತಕ್ಕೇ ಒಂದು ಅಧ್ಯಾಯವಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ಗಣಿತವನ್ನು ಕನ್ನಡದಲ್ಲಿಯೇ ಬರೆದ. ಕನ್ನಡದಲ್ಲಿ ಗಣಿತ ಹೇಳಲು ಬರುವುದಿಲ್ಲ ಎನ್ನುವವರಿಗೆ ಈ ಹೆಸರನ್ನು ಹೇಳಿ.

ಮತ್ತೆ ಕೋಟೆಗೆ

1790ರಲ್ಲಿ ಬ್ರಿಟಿಷರ ಮತ್ತು ನಿಜಾಮನ ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂರಬೇಕಾಯಿತು. ಹೊರಗೆ ಬಯಲಿನಲ್ಲಿ ನಿಂತವನಿಗೆ ಗುಡ್ಡದ ಹೊಟ್ಟೆಯೊಳಗಿನ ಬಿಂದು ಸಿಗುವುದಿಲ್ಲ, ಬಂಡೆಯ ಹತ್ತಿರಕ್ಕೆ ಹೋಗುವಂತೆಯೂ ಇಲ್ಲ. ಅಂಥ ಕಡೆ ಉಪಯೋಗಕ್ಕೆ ಬರುವುದು ಎರಡು ಜಾಗಗಳಿಂದ ನೋಡುವ ಉಪಾಯ. ಹುಡುಗಿ ತಪ್ಪು ತೋರಿಸಿದ ಮೇಲೆ ನಾವು ಮಾಡಿದ್ದೂ ಅದನ್ನೇ.

ಉಪಕರಣ ನಿಮ್ಮ ಕಂಪಾಸ್ ಪೆಟ್ಟಿಗೆಯಲ್ಲಿಯೇ ಇದೆ. ಕೋನಮಾಪಕದ ನೇರ ಅಂಚಿಗೆ ಬಾಲ್‌ಪೆನ್ನಿನ ಖಾಲಿ ಕೊಳವೆಯೊಂದನ್ನು ಅಂಟಿಸಿ. ಕೇಂದ್ರದ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ಕಲ್ಲು ಇಳಿಬಿಡಿ. ಕೊಳವೆಯನ್ನು ಮಟ್ಟಸವಾಗಿ ಹಿಡಿದರೆ ದಾರ 90ರ ಗುರುತಿನ ಮೇಲೆ ನಿಲ್ಲುತ್ತದೆ. ಕೊಳವೆಯ ಮೂಲಕ ಕೋಟೆಯ ನೆತ್ತಿಯನ್ನು ನೋಡಿದಾಗ ದಾರ ಅಲ್ಲಿಂದ ಎಷ್ಟು ಡಿಗ್ರಿ ಸರಿಯಿತೋ ಅದೇ ಉನ್ನತ ಕೋನ. ಓದುವುದಕ್ಕೆ ಪಕ್ಕದಲ್ಲಿ ಗೆಳೆಯನೊಬ್ಬ ಬೇಕು. ನೋಡುವವನೇ ಓದಲು ಹೋದರೆ ಕೈ ಅಲುಗುತ್ತದೆ. ಈ ಉಪಕರಣದಿಂದ ಸೂರ್ಯನನ್ನು ಮಾತ್ರ ಎಂದಿಗೂ ನೋಡಬೇಡಿ, ಕಣ್ಣು ಹೋದೀತು.

31 ಡಿಗ್ರಿ ಬಂದಿದ್ದ ಜಾಗದಿಂದ, ಕೋಟೆಗೆ ಬೆನ್ನು ಮಾಡಿ, ಅದೇ ನೇರದಲ್ಲಿ, ಸಮತಟ್ಟಾದ ನೆಲದ ಮೇಲೆ 100 ಮೀಟರು ಹಿಂದೆ ನಡೆದೆವು. ಅಲ್ಲಿಂದ ನೋಡಿದಾಗ 22 ಡಿಗ್ರಿ. ಈಗ ಎರಡು ಲಂಬಕೋನ ತ್ರಿಭುಜಗಳು, ಎರಡಕ್ಕೂ ಲಂಬ ಒಂದೇ. ಎತ್ತರವನ್ನು ‘ಎ’ ಎನ್ನೋಣ. ಮೊದಲ ಜಾಗದಿಂದ ಗುಡ್ಡದೊಳಗಿನ ಆ ಬಿಂದುವಿಗೆ ಇರುವ ದೂರ ‘ದ’ ಆಗಿರಲಿ.

ಎ = ದ × ಟ್ಯಾನ್ 31° = 0.6009 ದ
ಎ = (ದ + 100) × ಟ್ಯಾನ್ 22° = 0.4040 ದ + 40.40

ಎರಡೂ ಒಂದೇ ಎತ್ತರ. ಆದ್ದರಿಂದ 0.1969 ದ = 40.40. ದ ಅಂದರೆ ಸುಮಾರು 205 ಮೀಟರು, ಎತ್ತರ 123 ಮೀಟರು. ಕೊಳವೆ ಇದ್ದದ್ದು ನೆಲದ ಮೇಲಲ್ಲ, ನಮ್ಮ ಕಣ್ಣಿನ ಮಟ್ಟದಲ್ಲಿ. ಅದಕ್ಕೆ ಒಂದೂವರೆ ಮೀಟರು ಸೇರಿಸಿದರೆ ಸುಮಾರು 125 ಮೀಟರು, ಅಂದರೆ 400 ಅಡಿಗಿಂತ ತುಸು ಹೆಚ್ಚು. ನಾನು 80 ಮೀಟರು ಎಂದುಕೊಂಡ ದೂರ ನಿಜವಾಗಿ 205 ಮೀಟರಾಗಿತ್ತು.

ಗೆಜೆಟಿಯರಿಗೆ ಹೊಂದಿತೆಂದು ಹಿಗ್ಗಬೇಕಾಗಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ನಮ್ಮ ದಾರ ಒಂದೇ ಒಂದು ಡಿಗ್ರಿ ತಪ್ಪು ತೋರಿಸಿತ್ತು ಎಂದಿಟ್ಟುಕೊಳ್ಳಿ. 31 ಇದ್ದದ್ದು 32 ಆದರೆ ಎತ್ತರ 123ರಿಂದ 114ಕ್ಕೆ ಇಳಿಯುತ್ತದೆ. ಎರಡೂ ಕೋನಗಳು ಒಂದೊಂದು ಡಿಗ್ರಿ ತಪ್ಪಿ 21 ಮತ್ತು 32 ಆದರೆ 100 ಮೀಟರೂ ಇಲ್ಲ. 23 ಮತ್ತು 30 ಆದರೆ 160 ಮೀಟರು! ದಾರದ ದಪ್ಪವೇ ಅರ್ಧ ಡಿಗ್ರಿ ಮುಚ್ಚುವ ಉಪಕರಣದಲ್ಲಿ ಇದು ಸಣ್ಣ ವಿಷಯವಲ್ಲ. ಎರಡು ಕೋನಗಳು ಒಂದಕ್ಕೊಂದು ಹತ್ತಿರವಾದಷ್ಟೂ ಅವುಗಳ ವ್ಯತ್ಯಾಸ ಚಿಕ್ಕದಾಗುತ್ತದೆ, ತಪ್ಪಿನ ಪಾಲು ಹಿಗ್ಗುತ್ತದೆ. ಆದ್ದರಿಂದ ಎರಡು ಜಾಗಗಳ ನಡುವೆ ಆದಷ್ಟು ದೂರವಿರಲಿ. ಒಬ್ಬರೇ ಒಂದು ಸಲ ನೋಡುವ ಬದಲು ಹತ್ತು ಮಂದಿ ಬೇರೆ ಬೇರೆಯಾಗಿ ನೋಡಿ ಸರಾಸರಿ ತೆಗೆಯಿರಿ. ಪಕ್ಕದವನ ಅಂಕಿಯನ್ನು ಕೇಳಿಕೊಂಡು ಬರೆಯುವವರನ್ನು ಲೆಕ್ಕಕ್ಕೆ ಸೇರಿಸಬೇಡಿ.

ಕೋನವನ್ನು ಇಷ್ಟು ಎಚ್ಚರದಿಂದ ನೋಡಬೇಕು ಎನ್ನುವುದನ್ನು ಚೆನ್ನಾಗಿ ಬಲ್ಲವನು ವಿಲಿಯಂ ಲ್ಯಾಂಬ್ಟನ್. 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಹೆಚ್ಚು ಉದ್ದದ ಒಂದು ನೇರ ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದ. 1802ರಲ್ಲಿ ಮದರಾಸಿನಲ್ಲಿ ಮತ್ತೊಂದು ಗೆರೆ ಅಳೆದು, ಭಾರತದ ಮಹಾ ತ್ರಿಕೋನಮಿತೀಯ ಸರ್ವೆಯಾಗಿ ಬೆಳೆದ ಕೆಲಸವನ್ನು ಆರಂಭಿಸಿದ. ಇದರ ಗುಟ್ಟು ಇಷ್ಟೇ. ನೆಲದ ಮೇಲೆ ಅಳೆಯುವುದು ಒಂದು ಗೆರೆ, ಆಮೇಲೆ ಗುಡ್ಡದಿಂದ ಗುಡ್ಡಕ್ಕೆ ಬರೀ ಕೋನಗಳು. ತ್ರಿಭುಜದ ಒಂದು ಬಾಹು ಮತ್ತು ಎರಡು ಕೋನ ಗೊತ್ತಿದ್ದರೆ ಉಳಿದದ್ದೆಲ್ಲ ಲೆಕ್ಕದಲ್ಲಿ ಸಿಗುತ್ತದೆ. ಆ ತ್ರಿಭುಜ ಲಂಬಕೋನದ್ದಲ್ಲದಿದ್ದರೆ ಒಂದು ಲಂಬ ಎಳೆದು ಎರಡು ಲಂಬಕೋನ ತ್ರಿಭುಜಗಳಾಗಿ ಸೀಳಿದರಾಯಿತು. ಲ್ಯಾಂಬ್ಟನ್ ಕೋನ ಅಳೆಯುತ್ತಿದ್ದ ಥಿಯೊಡಲೈಟ್ ಅರ್ಧ ಟನ್ ತೂಗುತ್ತಿತ್ತು. ಅದನ್ನು ಬೆಟ್ಟಗಳಿಗೂ, ಬೆಟ್ಟವಿಲ್ಲದ ಕಡೆ ದೇವಸ್ಥಾನದ ಗೋಪುರಗಳಿಗೂ ಹಗ್ಗ ಕಟ್ಟಿ ಏರಿಸುತ್ತಿದ್ದರು. 1808ರಲ್ಲಿ ತಂಜಾವೂರಿನಲ್ಲಿ ಹಾಗೆ ಏರಿಸುವಾಗ ಅದು ಗೋಪುರಕ್ಕೆ ಬಡಿದು ಜಖಂ ಆಯಿತು. ಲ್ಯಾಂಬ್ಟನ್ ವಾರಗಟ್ಟಲೆ ಕೂತು ಅದನ್ನು ರಿಪೇರಿ ಮಾಡಿದ.

ಗಂಗಾವತಿಗೆ ಎಷ್ಟು ದೂರ?

ಕೋನವೇ ಬೇಡದ ಲೆಕ್ಕವೂ ಇದೆ. ಎರಡು ಬಾಹು ಗೊತ್ತಿದ್ದರೆ ಮೂರನೆಯದಕ್ಕೆ ಪೈಥಾಗೊರಸನ ಪ್ರಮೇಯ ಸಾಕು. ನಮ್ಮಲ್ಲಿ ಬೌಧಾಯನನ ಶುಲ್ಬಸೂತ್ರ ಇದನ್ನೇ ಹಗ್ಗದ ಭಾಷೆಯಲ್ಲಿ ಹೇಳುತ್ತದೆ. ನಿಮ್ಮೂರಿನ ಗೌಂಡಿಗೆ ಎರಡೂ ಹೆಸರು ಗೊತ್ತಿಲ್ಲದಿರಬಹುದು. ಆದರೆ ಮನೆಯ ಪಾಯ ಗುರುತು ಮಾಡುವಾಗ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ, ಓರೆಗೆ 5 ಅಡಿ ಬರುತ್ತದೆಯೇ ಎಂದು ಅವನು ನೋಡುತ್ತಾನೆ. ಬಂದರೆ ಮೂಲೆ ಸರಿ.

ಇಂಥದೇ ಒಂದು ತ್ರಿಭುಜ ನಿಮ್ಮ ಜಿಲ್ಲೆಯ ನಕ್ಷೆಯಲ್ಲಿ ಅಡಗಿದೆ. ಕೊಪ್ಪಳದಿಂದ ಗಂಗಾವತಿ ಪೂರ್ವಕ್ಕೆ ಸುಮಾರು 40 ಕಿಲೋಮೀಟರು, ಉತ್ತರಕ್ಕೆ ಸುಮಾರು 9 ಕಿಲೋಮೀಟರು. ನಲವತ್ತರ ವರ್ಗ 1600, ಒಂಬತ್ತರ ವರ್ಗ 81, ಕೂಡಿದರೆ 1681. ಅದರ ವರ್ಗಮೂಲ ಸರಿಯಾಗಿ 41! ಹಕ್ಕಿ ಹಾರುವ ದಾರಿಯಲ್ಲಿ ಗಂಗಾವತಿ 41 ಕಿಲೋಮೀಟರು. ಬಸ್ಸಿನ ದಾರಿ ಸುತ್ತಿಕೊಂಡು ಹೋಗುವುದರಿಂದ ಇನ್ನೂ ಹೆಚ್ಚು. ದಿಕ್ಕು ಬೇಕಾದರೆ 9ನ್ನು 40ರಿಂದ ಭಾಗಿಸಿ. 0.225 ಬರುತ್ತದೆ. ಯಾವ ಕೋನದ ಟ್ಯಾಂಜೆಂಟ್ 0.225 ಎಂದು ಕೋಷ್ಟಕದಲ್ಲಿ ಹುಡುಕಿದರೆ 12.7 ಡಿಗ್ರಿ. ನೇರ ಪೂರ್ವದಿಂದ ಅಷ್ಟು ಉತ್ತರಕ್ಕೆ ವಾಲಿದ ದಿಕ್ಕಿನಲ್ಲಿ ಗಂಗಾವತಿ ಇದೆ. ಬಾಹುಗಳಿಂದ ಕೋನ ಕಂಡುಹಿಡಿಯುವುದೆಂದರೆ ಇದೇ. ಕ್ಯಾಲ್ಕುಲೇಟರಿನಲ್ಲಿ ಮಾಡುವವರು ಅದು ಡಿಗ್ರಿಯಲ್ಲಿದೆಯೋ ರೇಡಿಯನ್ನಿನಲ್ಲಿದೆಯೋ ಮೊದಲು ನೋಡಿಕೊಳ್ಳಿ.

ಇದೇ ರೀತಿ ಕುಷ್ಟಗಿ ಉತ್ತರಕ್ಕೆ 45, ಪೂರ್ವಕ್ಕೆ 4. ಯಲಬುರ್ಗಾ ಉತ್ತರಕ್ಕೆ 29, ಪಶ್ಚಿಮಕ್ಕೆ 15. ನೇರ ದೂರ ಸುಮಾರು 45 ಮತ್ತು 33 ಕಿಲೋಮೀಟರು ಬರಬೇಕು, ಮಾಡಿ ನೋಡಿ. ಈ ಮೂರು ದೂರಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ, ಈಗಲೇ ಬೇಕಾಗುತ್ತವೆ.

ಟೆಲಿವಿಷನ್ನಿನವನಾದ್ದರಿಂದ ನನಗೆ ಪ್ರಿಯವಾದ ತ್ರಿಭುಜ ಬೇರೆಯೇ. ಅದರ ಒಂದು ಬಾಹು ಭೂಮಿಯ ಕೇಂದ್ರದವರೆಗೆ ಹೋಗುತ್ತದೆ. ಕೊಪ್ಪಳದಲ್ಲಿ 100 ಮೀಟರು ಎತ್ತರದ ಪ್ರಸಾರ ಗೋಪುರವಿದೆ ಎಂದು ಊಹಿಸಿಕೊಳ್ಳಿ. ಅದರ ತುದಿಯಿಂದ ಹೊರಟ ನೇರ ಗೆರೆ ಭೂಮಿಯನ್ನು ಸವರಿಕೊಂಡು ಹೋಗುವ ಜಾಗವೇ ದಿಗಂತ. ಅಲ್ಲಿ ಆ ಗೆರೆ ವೃತ್ತಕ್ಕೆ ಸ್ಪರ್ಶಕ. ಸ್ಪರ್ಶಕವು ತ್ರಿಜ್ಯಕ್ಕೆ ಲಂಬವಾಗಿರುತ್ತದೆ ಎಂದು ಹತ್ತನೆಯ ತರಗತಿಯಲ್ಲಿ ಕಲಿತಿದ್ದೀರಿ. ಹಾಗಾಗಿ ಭೂಮಿಯ ಕೇಂದ್ರ, ದಿಗಂತದ ಬಿಂದು, ಗೋಪುರದ ತುದಿ, ಈ ಮೂರೂ ಸೇರಿ ಲಂಬಕೋನ ತ್ರಿಭುಜ. ವಿಕರ್ಣ 6371.1 ಕಿಲೋಮೀಟರು, ಒಂದು ಬಾಹು 6371. ವರ್ಗಗಳ ವ್ಯತ್ಯಾಸ ಸುಮಾರು 1274, ವರ್ಗಮೂಲ 35.7. ನೂರು ಮೀಟರಿನ ಗೋಪುರದ ನೋಟ 35.7 ಕಿಲೋಮೀಟರಿಗೆ ಮುಗಿಯಿತು.

ಈಗ ಬರೆದಿಟ್ಟ ದೂರಗಳನ್ನು ನೋಡಿ. ಯಲಬುರ್ಗಾ 33, ಸರಿ, ಒಳಗೇ ಇದೆ. ಗಂಗಾವತಿ 41, ಕುಷ್ಟಗಿ 45. ಎರಡೂ ದಿಗಂತದ ಆಚೆ! ಆದರೆ ಕುಷ್ಟಗಿಯ ಮನೆಯವರು ಆಂಟೆನಾವನ್ನು ನೆಲದಿಂದ 10 ಮೀಟರು ಎತ್ತರಕ್ಕೆ ಏರಿಸಿದರೆ? ಆ ಆಂಟೆನಾಕ್ಕೂ ತನ್ನದೇ ದಿಗಂತವುಂಟು. ಅದೇ ಲೆಕ್ಕ ಮಾಡಿದರೆ 11.3 ಕಿಲೋಮೀಟರು. ಎರಡನ್ನೂ ಕೂಡಿದರೆ 47, ಕುಷ್ಟಗಿ ಒಳಗೆ ಬಂತು. ಮಾಳಿಗೆಯ ಮೇಲೆ ಉದ್ದನೆಯ ಪೈಪು ನೆಟ್ಟು, “ಬಂತಾ?” “ಇಲ್ಲ, ಇನ್ನಷ್ಟು ಎತ್ತು” ಎಂದು ಮೇಲೂ ಕೆಳಗೂ ಕೂಗಾಡುತ್ತಿದ್ದ ದಿನಗಳನ್ನು ನಿಮ್ಮ ತಂದೆ ತಾಯಿಯರು ಮರೆತಿರಲಾರರು. ಅವರು ಎತ್ತುತ್ತಿದ್ದದ್ದು ಈ ತ್ರಿಭುಜದ ಒಂದು ಶೃಂಗವನ್ನು. ನಿಜವಾದ ರೇಡಿಯೊ ಅಲೆಗಳು ಗಾಳಿಯಲ್ಲಿ ತುಸು ಬಾಗುವುದರಿಂದ ಇನ್ನೂ ಸ್ವಲ್ಪ ದೂರ ತಲುಪುತ್ತವೆ, ನಡುವೆ ಗುಡ್ಡ ಬಂದರೆ ಕಡಿಮೆಯಾಗುತ್ತದೆ. ಆ ಬಗೆಯ ಪ್ರಸಾರ ಕೇಂದ್ರಗಳು ಬಹುಪಾಲು ಮುಚ್ಚಿವೆ. ಈಗ ಮಾಳಿಗೆಯ ಮೇಲಿರುವ ತಟ್ಟೆ ಪೂರ್ವ ರೇಖಾಂಶ 93.5 ಡಿಗ್ರಿಯ ಉಪಗ್ರಹವನ್ನು ನೋಡಬೇಕಾದರೆ ಕೊಪ್ಪಳದಲ್ಲಿ ಆಗ್ನೇಯಕ್ಕೆ ತಿರುಗಿ ಸುಮಾರು 63 ಡಿಗ್ರಿ ಮೇಲಕ್ಕೆ ಮುಖ ಮಾಡಬೇಕು. ತ್ರಿಕೋನಮಿತಿಯಂತೂ ತಪ್ಪಲಿಲ್ಲ.

ಒಂದು ಕೋಲಿನ ನೆರಳು

ಕೊನೆಯದಾಗಿ, ಯಾವ ಉಪಕರಣವೂ ಇಲ್ಲದೆ ನಿಮ್ಮೂರಿನ ಅಕ್ಷಾಂಶವನ್ನು ನೀವೇ ಕಂಡುಹಿಡಿಯಬಹುದು. ಮಾರ್ಚ್ 21 ಅಥವಾ ಸೆಪ್ಟೆಂಬರ್ 23ರ ಸುಮಾರಿಗೆ ಸೂರ್ಯ ಸಮಭಾಜಕದ ನೇರಕ್ಕೆ ಇರುತ್ತಾನೆ. ಶಾಲೆಯ ಅಂಗಳದಲ್ಲಿ ಒಂದು ಮೀಟರಿನ ಕೋಲನ್ನು ದಾರಕ್ಕೆ ಕಲ್ಲು ಕಟ್ಟಿ ನೋಡಿ ನೆಟ್ಟಗೆ ನಿಲ್ಲಿಸಿ. ಗಡಿಯಾರ ಹನ್ನೆರಡು ಹೊಡೆದ ಕೂಡಲೇ ಓಡಬೇಡಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕೊಪ್ಪಳ ಅದಕ್ಕಿಂತ ಪಶ್ಚಿಮಕ್ಕಿದೆ. ಮಾರ್ಚಿನಲ್ಲಿ ನಿಮ್ಮ ನಡುಹಗಲು ಸುಮಾರು 12 ಗಂಟೆ 33 ನಿಮಿಷಕ್ಕೆ. ಹನ್ನೆರಡರಿಂದ ಒಂದರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಗುರುತಿಸಿ, ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿಕೊಳ್ಳಿ. ಕೊಪ್ಪಳದಲ್ಲಿ ಅದು ಸುಮಾರು 27.5 ಸೆಂಟಿಮೀಟರು ಇರಬೇಕು. ಅದನ್ನು 100ರಿಂದ ಭಾಗಿಸಿದರೆ 0.275. ಆ ಟ್ಯಾಂಜೆಂಟ್ ಇರುವ ಕೋನ 15.4 ಡಿಗ್ರಿ. ಕೊಪ್ಪಳದ ಅಕ್ಷಾಂಶ ಅದೇ.

ಡಿಸೆಂಬರ್ 21ಕ್ಕೆ ಅದೇ ಕೋಲಿನ ನೆರಳು 80 ಸೆಂಟಿಮೀಟರಿಗೆ ಚಾಚುತ್ತದೆ. ಮೇ 2 ಮತ್ತು ಆಗಸ್ಟ್ 11ರ ಸುಮಾರಿಗೆ ನಡುಹಗಲಿನಲ್ಲಿ ನೆರಳೇ ಇರುವುದಿಲ್ಲ, ಸೂರ್ಯ ನೆತ್ತಿಯ ಮೇಲಿರುತ್ತಾನೆ. ಆಗಸ್ಟಿನಲ್ಲಿ ಮೋಡ ಬಿಟ್ಟರೆ ನಿಮ್ಮ ಪುಣ್ಯ.

ಕುಷ್ಟಗಿಯ ಶಾಲೆಯವರೂ ಅದೇ ದಿನ ಅಳೆದರೆ ಅವರಿಗೆ 28.2 ಸೆಂಟಿಮೀಟರು ಬರಬೇಕು. ಆ ಮುಕ್ಕಾಲು ಸೆಂಟಿಮೀಟರಿನ ವ್ಯತ್ಯಾಸದಲ್ಲಿ 0.4 ಡಿಗ್ರಿ ಅಡಗಿದೆ. ಉತ್ತರಕ್ಕೆ 45 ಕಿಲೋಮೀಟರಿಗೆ 0.4 ಡಿಗ್ರಿಯಾದರೆ 360 ಡಿಗ್ರಿಗೆ ಎಷ್ಟು? ಸುಮಾರು 40,000 ಕಿಲೋಮೀಟರು, ಭೂಮಿಯ ಸುತ್ತಳತೆ. ಎರಟೋಸ್ತನೀಸ್ ಈಜಿಪ್ಟಿನಲ್ಲಿ ಎರಡು ಊರುಗಳ ನಡುವೆ ಮಾಡಿದ್ದು ಇದನ್ನೇ. ಆದರೆ ಒಂದು ತೊಡಕಿದೆ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಆದ್ದರಿಂದ ನೆರಳಿನ ತುದಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ನಿಮಗೆ ಬೇಕಾದ ವ್ಯತ್ಯಾಸ ಆ ಮಸುಕಿನಲ್ಲಿಯೇ ಮುಳುಗಿಹೋಗುತ್ತದೆ. ಉದ್ದ ಕೋಲು ಹಾಕಿದರೆ ಮಸುಕೂ ಉದ್ದವಾಗುತ್ತದೆ. ಇದನ್ನು ಗೆಲ್ಲುವುದು ಹೇಗೆ ಎಂದು ಎರಡೂ ಊರಿನವರು ಕೂತು ಯೋಚಿಸಿ. ರಟ್ಟಿನಲ್ಲಿ ಸೂಜಿಯಿಂದ ಚುಚ್ಚಿದ ಒಂದು ಸಣ್ಣ ತೂತು ಸಹಾಯ ಮಾಡೀತು ಎಂಬ ಸುಳಿವನ್ನಷ್ಟೇ ಕೊಡುತ್ತೇನೆ.

ಮನೆಯಲ್ಲಿ ಮಾಡಲು ಒಂದು ಲೆಕ್ಕ. ಭಾಸ್ಕರಾಚಾರ್ಯರ 1150ರ ‘ಲೀಲಾವತಿ’ಯಲ್ಲಿರುವ ಸಮಸ್ಯೆ ಇದು, ಮಾತು ಮಾತ್ರ ನನ್ನದು. ಒಂಬತ್ತು ಮೊಳ ಎತ್ತರದ ಕಂಬದ ಮೇಲೆ ನವಿಲು ಕೂತಿದೆ. ಕಂಬದ ಬುಡದಲ್ಲಿ ಹಾವಿನ ಬಿಲ. ಇಪ್ಪತ್ತೇಳು ಮೊಳ ದೂರದಿಂದ ಹಾವು ಬಿಲದ ಕಡೆಗೆ ಬರುತ್ತಿದೆ. ನವಿಲು ಓರೆಯಾಗಿ ಅದರ ಮೇಲೆ ಎರಗುತ್ತದೆ. ಇಬ್ಬರದೂ ಒಂದೇ ವೇಗ. ಬಿಲದಿಂದ ಎಷ್ಟು ದೂರದಲ್ಲಿ ಹಾವು ಸಿಕ್ಕಿಬಿದ್ದಿತು? ನವಿಲು ಹಾರಿದ ದಾರಿ ವಿಕರ್ಣ, ಅದರ ಉದ್ದ ಹಾವು ಹರಿದು ಬಂದ ದೂರಕ್ಕೆ ಸಮ. ಉತ್ತರ 12 ಮೊಳ.